ಹೊದಿಸಿದವರ ಮನೆ

ನಮ್ಮೂರಿನ ಎಲ್ಲೆಗಲ್ಲುಗಳ ಒಳಗೆ ಯಾರು ಸತ್ತರೂ ಅವರು ನಮ್ಮೂರಿನವರೇ. ಎಲ್ಲಿ ಹುಟ್ಟಿದರು, ಯಾವ ಜಾತಿ, ಯಾವ ಕೆಲಸಕ್ಕೆ ಈ ಕಡೆ ಬಂದಿದ್ದರು ಎಂದು ಯಾರೂ ಕೇಳುವುದಿಲ್ಲ. ಸತ್ತವರ ಮೇಲೆ ಮೊದಲು ಯಾರ ಮನೆಯ ಬಟ್ಟೆ ಬೀಳುತ್ತದೋ, ಅವರು ಆ ಮನೆಯವರಾಗುತ್ತಾರೆ. ಒಂದು ವರ್ಷ, ಅಮಾವಾಸ್ಯೆಗೊಮ್ಮೆ, ಅವರ ಹೆಸರಿನಲ್ಲಿ ಎಲೆ ಹಾಕಿ ಬಡಿಸಬೇಕು. ಅವರು ಅರ್ಧಕ್ಕೆ ಬಿಟ್ಟುಹೋದ ಕೆಲಸವನ್ನು ಹೊದಿಸಿದ ಮನೆಯವರು ಮುಗಿಸಬೇಕು. ಅವರಿಂದ ಯಾರಿಗಾದರೂ ನೋವಾಗಿದ್ದರೆ ಅದಕ್ಕೂ ಹೊದಿಸಿದ ಮನೆಯವರೇ ತಲೆಕೊಡಬೇಕು. ಇದನ್ನು ಯಾರು ಯಾವಾಗ ಶುರು ಮಾಡಿದರು ಎಂದು ನನ್ನನ್ನು ಕೇಳಬೇಡಿ. ನಾನು ಮದುವೆಯಾಗಿ ಈ ಊರಿಗೆ ಬಂದಾಗ, ಸಾರಿಗೆ ಎಷ್ಟು ಹುಳಿ ಹಾಕಬೇಕು ಎಂದು ಹೇಳಿಕೊಟ್ಟ ದಿನವೇ ನಮ್ಮತ್ತೆ ಇದನ್ನೂ ಹೇಳಿಕೊಟ್ಟರು. ಎರಡನ್ನೂ ಒಂದೇ ದನಿಯಲ್ಲಿ ಹೇಳಿದರು.

ಹೊರಗಿನವರಿಗೆ ಇದು ಕಷ್ಟ ಅನ್ನಿಸಬಹುದು, ನಮಗೆ ಅಭ್ಯಾಸವಾಗಿಹೋಗಿದೆ. ಬಳೆ ಮಾರುವವಳೊಬ್ಬಳು ಸಂತೆಯಲ್ಲಿ ಎದೆ ಹಿಡಿದುಕೊಂಡು ಕುಸಿದಾಗ ಹೊದಿಸಿದ್ದು ಅಂಚೆಯಣ್ಣನ ಹೆಂಡತಿ. ಉಳಿದ ಬಳೆಗಳನ್ನು ಹೆಗಲಿಗೆ ಹಾಕಿಕೊಂಡು ಸುತ್ತಲಿನ ಹಳ್ಳಿಗಳಿಗೆಲ್ಲ ಅವಳೇ ಹೋಗಿ ತೊಡಿಸಿ ಬಂದಳು. ತೊಡಿಸಲು ಬಾರದೆ ಅರ್ಧಕ್ಕರ್ಧ ಒಡೆದಳು ಎಂಬುದು ಬೇರೆ ಮಾತು. ಹಾವಾಡಿಗನೊಬ್ಬನಿಗೆ ಹೊದಿಸಿದ ಪರಶಿವಯ್ಯ ಮೇಷ್ಟ್ರು ಅವನ ಬುಟ್ಟಿಯ ಹಾವನ್ನು ಕಾಡಿಗೆ ಬಿಟ್ಟುಬರುವ ತನಕ ಅವರ ಹೆಂಡತಿ ಗೌರಾಂಬ ಅಡುಗೆಮನೆಗೆ ಕಾಲಿಡಲಿಲ್ಲ. ಲಾರಿ ಡ್ರೈವರ್ ಒಬ್ಬ ತಮ್ಮನಿಗೆ ಹೊಡೆದು ಮನೆ ಬಿಟ್ಟು ಬಂದಿದ್ದ ಎಂದು ಗೊತ್ತಾದಾಗ, ಅವನಿಗೆ ಹೊದಿಸಿದ್ದ ಕ್ಷೌರದಂಗಡಿಯ ಮುನಿಯಪ್ಪ ಮೂರು ಬಸ್ಸು ಬದಲಿಸಿ ಹೋಗಿ, ಕಂಡು ಕೇಳದ ಆ ತಮ್ಮನ ಕೈ ಹಿಡಿದು, "ಹೊಡೆದದ್ದು ತಪ್ಪಾಯ್ತಪ್ಪ" ಎಂದು ಹೇಳಿ ಬಂದ. ಆ ತಮ್ಮ ಈಗಲೂ ಮುನಿಯಪ್ಪನ ಮನೆಯ ಮದುವೆ ಮುಂಜಿಗೆ ತಪ್ಪದೆ ಬರುತ್ತಾನೆ.

ನನ್ನ ಹೆಸರು ನೀಲಾಂಬಿಕೆ. ನಾನೂ ನನ್ನ ಗಂಡ ಶಿವನಂಜಪ್ಪನೂ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇವೆ. ಎದುರುಮನೆಯ ದೇವೀರಕ್ಕ ಎರಡು ಎಮ್ಮೆ ಕಟ್ಟಿಕೊಂಡು ಮೊಸರು ಮಾರುತ್ತಾಳೆ. ಗಂಡ ತೀರಿಕೊಂಡಿದ್ದಾನೆ, ಮಕ್ಕಳಾಗಲಿಲ್ಲ. ನನಗಿಂತ ಹತ್ತು ವರ್ಷ ದೊಡ್ಡವಳು. ನಾನು ಈ ಬೀದಿಗೆ ಸೊಸೆಯಾಗಿ ಬಂದಾಗಿನಿಂದ ನಮ್ಮಿಬ್ಬರ ನಡುವೆ ಬಾಗಿಲು ಹಾಕಿದ್ದೇ ಇಲ್ಲ.

ಗಿರಣಿ ಓಡುತ್ತಿರುವಾಗ ಇನ್ನೊಂದು ಸದ್ದು ಕೇಳಿಸುವುದಿಲ್ಲ. ಆವತ್ತು ಮಧ್ಯಾಹ್ನ ಕೇಳಿಸಿತು. ನಾನು ಮೆಣಸಿನಕಾಯಿ ಬೀಸುತ್ತಿದ್ದೆ. ಕಾಲ ಕೆಳಗಿನ ನೆಲ ಒಮ್ಮೆ ಅದುರಿತು, ಆಮೇಲೆ ಸದ್ದು ಬಂತು. ನನ್ನ ಗಂಡ ಬೆಲ್ಟ್ ಬಿಚ್ಚಿ ಗಿರಣಿ ನಿಲ್ಲಿಸಿದರು. ಹೊರಗೆ ಬಂದು ನೋಡಿದರೆ ಕೆರೆಯಾಚೆ ಹುರುಳಿ ಹೊಲದಿಂದ ಕಪ್ಪು ಹೊಗೆ ಏಳುತ್ತಿತ್ತು. ವಿಮಾನ ಬಿತ್ತು ಎಂದು ಯಾರೋ ಕೂಗುತ್ತ ಓಡಿದರು. ಊರಿನವರು ಮೊದಲು ಕೊಡ ಬಕೆಟ್ಟು ಹಿಡಿದು ಓಡಿದರು. ಬೆಂಕಿ ಆರಿಸಿದ ಮೇಲೆ ಅಲ್ಲಿ ನೀರಿನಿಂದ ಆಗುವ ಕೆಲಸ ಇನ್ನೇನೂ ಉಳಿದಿರಲಿಲ್ಲ. ಒಬ್ಬರೂ ಬದುಕಿರಲಿಲ್ಲ. ಆಗ ಯಾರೂ ಹೇಳದೆಯೇ ಎಲ್ಲರೂ ಮನೆಗೆ ಹಿಂತಿರುಗಿ, ಕೈಗೆ ಸಿಕ್ಕ ಬಟ್ಟೆ ಹೊತ್ತು ತಂದರು. ಹಾಸಿಗೆಯ ಚಾದರ, ಒಣಹಾಕಿದ್ದ ಸೀರೆ, ಮದುವೆಗೆಂದು ಎತ್ತಿಟ್ಟಿದ್ದ ಹೊಸ ಪಂಚೆ. ಪರಶಿವಯ್ಯ ಮೇಷ್ಟ್ರು ಒಂದು ಜಮಖಾನ ತಂದಿದ್ದರು. ಒಂದೇ ಸೀಟಿನ ಬಳಿ ಬಿದ್ದಿದ್ದ ಅಣ್ಣ ತಂಗಿ ಇಬ್ಬರು ಪುಟ್ಟ ಮಕ್ಕಳಿಗೆ ಅದನ್ನೇ ಹೊದಿಸಿ, ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟರು.

ನಾನು ತಂದದ್ದು ಹಸಿರು ಅಂಚಿನ ಹತ್ತಿ ಸೀರೆ. ವಿಮಾನದ ಮೂತಿ ಮುರಿದು ಹೂತುಕೊಂಡಿದ್ದ ಕಡೆ ಒಬ್ಬ ಮನುಷ್ಯ ಅಂಗಾತ ಬಿದ್ದಿದ್ದ. ಬಿಳಿ ಅಂಗಿ, ಭುಜದ ಮೇಲೆ ಹೊಂಬಣ್ಣದ ಪಟ್ಟಿ. ಕಿವಿಯ ಹತ್ತಿರ ಕೂದಲು ನರೆತಿತ್ತು. ಕಣ್ಣು ತೆರೆದೇ ಇತ್ತು. ನಾನು ಕಣ್ಣು ಮುಚ್ಚಿಸಿ ಹೊದಿಸಿದೆ. ಎರಡು ಮಾರು ಆಚೆ ಅಂಥದೇ ಅಂಗಿ ತೊಟ್ಟಿದ್ದ ಒಬ್ಬ ಹುಡುಗಿಗೆ ದೇವೀರಕ್ಕ ತನ್ನ ಹೆಗಲ ಮೇಲಿನ ಟವಲನ್ನೇ ಹೊದಿಸುತ್ತಿದ್ದಳು. ಅದು ಸಾಲಲಿಲ್ಲ. ನನ್ನ ಸೀರೆಯ ತುದಿ ಹರಿದು ಕೊಡಲೇ ಎಂದೆ. "ಬೇಡ ನೀಲಾ, ಆಮೇಲೆ ಯಾರ ಮನೆಯವಳು ಅಂತ ತಕರಾರಾಗುತ್ತೆ. ನಂಗೆ ಬೇಕು ಇವಳು" ಎಂದಳು.

ಸಂಜೆಯ ಹೊತ್ತಿಗೆ ಪೊಲೀಸರು, ಆಂಬುಲೆನ್ಸುಗಳು, ಟಿವಿಯವರು ಎಲ್ಲರೂ ಬಂದರು. ದೇಹಗಳನ್ನು ಜಿಲ್ಲಾಸ್ಪತ್ರೆಗೆ ಒಯ್ದರು. ನಾವು ಬೇಡವೆನ್ನಲಿಲ್ಲ. ದೇಹ ಎಲ್ಲಿಗೆ ಬೇಕಾದರೂ ಹೋಗಲಿ, ಮನೆ ಇಲ್ಲಿರುತ್ತದೆ. ಮುಂದಿನ ದಿನಗಳಲ್ಲಿ ಸತ್ತವರ ಕಡೆಯವರು ಒಬ್ಬೊಬ್ಬರಾಗಿ ಬರತೊಡಗಿದರು. ಪಟ್ಟಣದ ಒಬ್ಬ ಬಟ್ಟೆ ವ್ಯಾಪಾರಿಯ ಮಕ್ಕಳು, ತಮ್ಮ ತಂದೆಯ ಹೆಸರಿನಲ್ಲಿ ಮುನಿಯಪ್ಪ ಎಲೆ ಹಾಕಿರುವುದನ್ನು ನೋಡಿ ಮೊದಲು ಮುಖ ಗಂಟಿಕ್ಕಿದರು. "ನಮ್ಮಪ್ಪನಿಗೆ ನೀನ್ಯಾರಯ್ಯಾ" ಎಂದು ದೊಡ್ಡ ಮಗ ಕೇಳಿದನಂತೆ. ಮುನಿಯಪ್ಪ ನೀರು ಕೊಟ್ಟು, ಅವರಪ್ಪ ಬಿದ್ದಿದ್ದ ಜಾಗ ತೋರಿಸಿ, ಅವರ ಕೈಯಲ್ಲಿದ್ದ, ತಾನು ಒರೆಸಿ ಎತ್ತಿಟ್ಟಿದ್ದ ಕನ್ನಡಕವನ್ನು ತಂದುಕೊಟ್ಟ. ಮಕ್ಕಳು ಪಂಕ್ತಿಯಲ್ಲಿ ಕೂತು ಉಂಡು ಹೋದರು. ದೇವೀರಕ್ಕನ ಮನೆಗೆ ಆ ಹುಡುಗಿಯ ತಾಯಿತಂದೆ ಬಂದರು. ಹುಡುಗಿಯ ಹೆಸರು ಶರ್ವಾಣಿ, ವಿಮಾನದ ಸಹ ಪೈಲಟ್. ತಾಯಿ ಎರಡು ದಿನ ದೇವೀರಕ್ಕನ ಹಜಾರದಲ್ಲೇ ಮಲಗಿದ್ದಳು.

ನಮ್ಮ ಮನೆಗೆ ಮಾತ್ರ ಯಾರೂ ಬರಲಿಲ್ಲ. ನಾನು ಹೊದಿಸಿದ್ದು ಪೈಲಟ್‌ಗೆ, ಹೆಸರು ಕ್ಯಾಪ್ಟನ್ ಜಯಸಿಂಹ, ಎಂದು ಪೊಲೀಸರಿಂದ ತಿಳಿಯಿತು. ವಯಸ್ಸಿನಲ್ಲಿ ನನಗಿಂತ ಹಿರಿಯ, ಆದ್ದರಿಂದ ಅಣ್ಣ ಎಂದುಕೊಂಡೆ. ಮೊದಲ ಅಮಾವಾಸ್ಯೆಗೆ ಏನು ಇಷ್ಟವೋ ಗೊತ್ತಿಲ್ಲದೆ ಚಿತ್ರಾನ್ನ, ಪಾಯಸ ಮಾಡಿ ಬಡಿಸಿದೆ.

ತನಿಖೆಯವರು ಶಾಲೆಯ ಕಟ್ಟಡದಲ್ಲಿ ಬೀಡುಬಿಟ್ಟರು. ವಿಮಾನದ ತುಂಡುಗಳನ್ನು ತಂದು, ಯಾವುದು ಎಲ್ಲಿತ್ತೋ ಆ ಅಂದಾಜಿನಲ್ಲಿ ಆಟದ ಬಯಲಿನ ತುಂಬ ಜೋಡಿಸಿದರು. ಅವರಲ್ಲಿ ಹಿರಿಯರು ಐನಾಪುರ ಮೇಡಂ ಎಂಬ ಹೆಂಗಸು. ಕತ್ತರಿಸಿದ ಬಿಳಿಗೂದಲು, ಮಣ್ಣು ಮೆತ್ತಿದ ಬೂಟು. ಇಡೀ ದಿನ ಬಿಸಿಲಲ್ಲಿ ಒಂದೊಂದೇ ತುಂಡಿನ ಪಕ್ಕ ಕುಕ್ಕುರುಗಾಲಿನಲ್ಲಿ ಕೂತು ನೋಡುತ್ತಿದ್ದರು. ನನ್ನನ್ನೂ ಹೇಳಿಕೆಗೆ ಕರೆದರು.

"ನೀವು ಕ್ಯಾಪ್ಟನ್ ಜಯಸಿಂಹ ಅವರಿಗೆ ಏನಾಗಬೇಕು?" ಎಂದು ಕೇಳಿದರು.

"ತಂಗಿ."

"ಸ್ವಂತ ತಂಗಿನಾ?"

"ಅವರು ಹೋದ ಮೇಲೆ ಆಗಿದ್ದು, ಮೇಡಂ."

ಅವರು ಪೆನ್ನು ಕೆಳಗಿಟ್ಟರು. "ಬೆಳಗ್ಗಿಂದ ಎಲ್ಲರೂ ಹೀಗೇ ಹೇಳ್ತಿದ್ದಾರೆ. ಹೋಗಲಿ. ವಿಮಾನ ಬೀಳೋದನ್ನ ನೋಡಿದಿರಾ?"

"ಇಲ್ಲ. ಮೆಣಸಿನಕಾಯಿ ಬೀಸ್ತಿದ್ದೆ."

"ಬೆಂಕಿ ಯಾವ ಕಡೆ ರೆಕ್ಕೆಯಲ್ಲಿತ್ತು?"

"ನೋಡಿಲ್ಲ ಅಂದ್ನಲ್ಲ ಮೇಡಂ."

ಅವರು ನಕ್ಕರು. "ಎಷ್ಟೋ ಊರಲ್ಲಿ ತನಿಖೆ ಮಾಡಿದ್ದೀನಿ. ನೋಡದೇ ಇದ್ದವರೂ ಏನಾದರೊಂದು ಹೇಳ್ತಾರೆ. ನೀವು ಹೋಗಿಬನ್ನಿ, ನೀಲಾಂಬಿಕೆಯವರೇ. ಏನಾದರೂ ಕೇಳೋದಿದ್ದರೆ ಬರ್ತಿರಿ."

ಕೇಳುವುದು ಬೇಗನೇ ಬಂತು. ಪೈಲಟ್ ಕುಡಿದಿದ್ದ ಎಂದು ಒಂದು ಪತ್ರಿಕೆಯಲ್ಲಿ ಬಂತು. ಟಿವಿಯಲ್ಲಿ ಒಬ್ಬ ಅದನ್ನೇ ದಿನವಿಡೀ ಹೇಳಿದ. ಮಾರನೆಯ ದಿನದಿಂದ ಗಿರಣಿಗೆ ಬರುವವರು ಕಡಿಮೆಯಾದರು. ಯಾರೂ ಬಯ್ಯಲಿಲ್ಲ, ಜಗಳಕ್ಕೆ ಬರಲಿಲ್ಲ. ಡಬ್ಬ ಹಿಡಿದುಕೊಂಡು ಬೀದಿಯ ಆಚೆ ಬದಿಯಿಂದ ಹೋಗಿ, ಕೆಳಗಿನೂರಿನ ಗಿರಣಿಗೆ ನಡೆಯುತ್ತಿದ್ದರು. ಮೊದಲು ಹೋದವರು ಪರಶಿವಯ್ಯ ಮೇಷ್ಟ್ರೇ. ನಾನು ಬಾಗಿಲಿಗೆ ಬಂದು ಕೂಗಿ ಕರೆದೆ.

"ಮೇಷ್ಟ್ರೇ, ಗಿರಣಿ ಓಡ್ತಾ ಇದೆ."

ಅವರು ನಿಂತರು. ಮುಖ ತಪ್ಪಿಸುವ ಜನವಲ್ಲ ಅವರು. "ನಿಮ್ಮ ಮೇಲೆ ಕೋಪ ಇಲ್ಲ ನೀಲಮ್ಮ. ಆದರೆ ಆ ಎರಡು ಮಕ್ಕಳಿಗೆ ಬಡಿಸೋ ಹಿಟ್ಟನ್ನ ಈ ಮನೇಲಿ ಬೀಸಿಸೋಕೆ ನಂಗೆ ಮನಸ್ಸು ಬರ್ತಿಲ್ಲ."

ಅವರು ಹೋದ ಮೇಲೆ ನಾನು ಸೆರಗು ಸಿಕ್ಕಿಸಿಕೊಂಡು ನೇರ ಶಾಲೆಗೆ ನಡೆದೆ. ಮೇಡಂ ಬಯಲಿನಲ್ಲಿದ್ದರು. ನಮ್ಮಣ್ಣ ಕುಡಿದಿದ್ದರಾ ಇಲ್ಲವಾ, ಒಂದು ಮಾತಿನಲ್ಲಿ ಹೇಳಿಬಿಡಿ ಎಂದೆ. ವರದಿ ಬರುವ ಮುಂಚೆ ಯಾವುದನ್ನೂ ಹೇಳುವ ಹಾಗಿಲ್ಲ ಎಂದರು. ನಾನು ಅಲ್ಲೇ ಒಂದು ಕಲ್ಲಿನ ಮೇಲೆ ಕೂತೆ. ಅವರು ಕೆಲಸ ಮಾಡುತ್ತಲೇ ಇದ್ದರು, ನಾನು ಕೂತೇ ಇದ್ದೆ. ಬಿಸಿಲು ಇಳಿದ ಮೇಲೆ ಅವರು ಕೈ ಒರೆಸಿಕೊಳ್ಳುತ್ತ ಹತ್ತಿರ ಬಂದರು.

"ಪರೀಕ್ಷೆ ಆಗಿದೆ. ಕುಡಿದಿರಲಿಲ್ಲ. ಇದನ್ನ ನಾಳೆ ಪತ್ರಿಕೆಗೂ ಕೊಡ್ತಿದ್ದೀವಿ, ಅದಕ್ಕೆ ಹೇಳ್ತಿದ್ದೀನಿ. ಆದರೆ ಕುಡಿದಿರಲಿಲ್ಲ ಅಂದಮಾತ್ರಕ್ಕೆ ಬೇರೇನೂ ಆಗಿಲ್ಲ ಅಂತ ಅಲ್ಲ. ಅಷ್ಟು ನೆನಪಿರಲಿ."

ನನಗೆ ಮೊದಲರ್ಧ ಮಾತ್ರ ನೆನಪಿತ್ತು. ಮಾರನೆಯ ದಿನ ಗಿರಣಿಯ ಮುಂದೆ ನಿಂತು, ಹೋಗಿಬರುವವರಿಗೆಲ್ಲ ಕೇಳುವ ಹಾಗೆ ಹೇಳಿದೆ. "ನಮ್ಮಣ್ಣ ಕುಡಿದಿರಲಿಲ್ಲ. ಬೇಕಾದ್ರೆ ಪೇಪರ್ ನೋಡಿ." ಜನ ಮತ್ತೆ ಡಬ್ಬ ಹಿಡಿದು ಬಂದರು. ಮೇಷ್ಟ್ರೂ ಬಂದು ರಾಗಿ ಚೀಲ ಇಳಿಸಿದರು. ನಾನು ಗೆದ್ದೆ ಎಂದುಕೊಂಡೆ. ಆಮೇಲಿನ ತಿಂಗಳುಗಳಲ್ಲಿ ಯಾರು ವಿಮಾನದ ಮಾತೆತ್ತಿದರೂ, ಯಂತ್ರ ಕೆಟ್ಟರೆ ಮನುಷ್ಯ ಏನು ಮಾಡುತ್ತಾನೆ, ನಮ್ಮಣ್ಣ ಕೊನೆಯ ತನಕ ಹೋರಾಡಿದ್ದಾರೆ ಎಂದು ನನಗೆ ಗೊತ್ತಿಲ್ಲದ್ದನ್ನೆಲ್ಲ ಸೇರಿಸಿ ಹೇಳುತ್ತಿದ್ದೆ. ದೇವೀರಕ್ಕನೂ ತಲೆಯಾಡಿಸುತ್ತಿದ್ದಳು. ಅವಳ ಹುಡುಗಿ ನನ್ನ ಅಣ್ಣನ ಪಕ್ಕದಲ್ಲೇ ಕೂತಿದ್ದವಳಲ್ಲವೇ. ಇಬ್ಬರಿಗೂ ಒಟ್ಟಿಗೇ ಅಡುಗೆ ಮಾಡುತ್ತಿದ್ದೆವು.

ವರ್ಷ ತುಂಬಲು ಇನ್ನೂ ಒಂದೆರಡು ಅಮಾವಾಸ್ಯೆ ಇರುವಾಗ ವರದಿ ಬಂತು. ಐನಾಪುರ ಮೇಡಂ ಅದನ್ನು ಅಂಚೆಯಲ್ಲಿ ಕಳಿಸಿ ಸುಮ್ಮನಿರಬಹುದಿತ್ತು. ತಾವೇ ಬಂದರು. ಹೊದಿಸಿದ ಮನೆಗಳವರನ್ನೆಲ್ಲ ಶಾಲೆಯಲ್ಲಿ ಸೇರಿಸಿದರು. "ಸತ್ತವರ ಮನೆಯವರಿಗೆ ಮೊದಲು ಹೇಳಬೇಕು ಅಂತ ನಮ್ಮ ನಿಯಮ. ಮನೆಯವರು ಅಂದರೆ ನೀವೂ ಸೇರಿದ್ದೀರಿ ಅಂತ ನಾನು ಅರ್ಥ ಮಾಡಿಕೊಂಡಿದ್ದೀನಿ" ಎಂದರು. ನಾನೂ ದೇವೀರಕ್ಕನೂ ಮೊದಲ ಬೆಂಚಿನಲ್ಲಿ ಒತ್ತೊತ್ತಾಗಿ ಕೂತಿದ್ದೆವು.

ಮೇಡಂ ಎರಡೂ ಮುಷ್ಟಿ ಮುಂದೆ ಹಿಡಿದರು. ಇದು ಎಡಗಡೆ ಇಂಜಿನ್, ಇದು ಬಲಗಡೆ ಇಂಜಿನ್. ಎಡಗಡೆಯದರ ಒಳಗೆ ಒಂದು ಅಲಗು ಮುರಿಯಿತು. ವಿಮಾನ ಗಡಗಡ ನಡುಗಿತು, ಒಳಗೆ ಹೊಗೆ ಬಂತು. ಕೆಟ್ಟ ಇಂಜಿನ್ ನಿಲ್ಲಿಸಿ, ಇನ್ನೊಂದರ ಬಲದಲ್ಲಿ ಸಾವಕಾಶವಾಗಿ ಇಳಿಯಬಹುದಿತ್ತು. ಹಾಗೆ ಇಳಿದ ವಿಮಾನಗಳು ಬೇಕಾದಷ್ಟಿವೆ. ಕ್ಯಾಪ್ಟನ್ ನಿಲ್ಲಿಸಿದ್ದು ಬಲಗಡೆಯದನ್ನು, ಚೆನ್ನಾಗಿದ್ದುದನ್ನು. ಮೇಡಂ ಬಲಗೈ ಮುಷ್ಟಿ ಕೆಳಗಿಳಿಸಿದರು. ಅದೇ ಹೊತ್ತಿಗೆ ನಡುಕ ಸ್ವಲ್ಪ ತಗ್ಗಿತು, ಅದರಿಂದ ತಾನು ಮಾಡಿದ್ದೇ ಸರಿ ಎಂದು ಅವರಿಗೆ ಅನ್ನಿಸಿರಬೇಕು. ಇಳಿಯುವ ಮುಂಚೆ ಹೆಚ್ಚಿನ ಬಲ ಬೇಕಾದಾಗ ಎಡಗಡೆಯದು ಪೂರ್ತಿ ನಿಂತಿತು. ಮೇಡಂ ಎಡಗೈಯನ್ನೂ ಇಳಿಸಿದರು.

"ಇನ್ನೊಂದು ವಿಷಯ ಇದೆ" ಎಂದರು. "ಅವರಿಬ್ಬರ ಮಾತು ರೆಕಾರ್ಡ್ ಆಗಿದೆ. ಇಂಜಿನ್ ನಿಲ್ಲಿಸುವ ಮುಂಚೆ ಶರ್ವಾಣಿ, 'ಸರ್, ಎಡಗಡೆಯದಲ್ವಾ?' ಅಂತ ಕೇಳ್ತಾರೆ. ಕ್ಯಾಪ್ಟನ್, 'ಇಲ್ಲ, ಬಲಗಡೆ, ನಾನು ನೋಡ್ತಿದ್ದೀನಲ್ಲ' ಅಂತಾರೆ. ಶರ್ವಾಣಿ, 'ಸರಿ ಸರ್' ಅಂತಾರೆ. ಆಮೇಲೆ ಆ ಮಾತು ಎತ್ತಲ್ಲ." ವರದಿಯನ್ನು ಮೇಜಿನ ಮೇಲಿಟ್ಟು ಹೇಳಿದರು. "ಯಾರನ್ನೂ ದೂರೋಕೆ ನಾವು ಇದನ್ನ ಬರೆಯಲ್ಲ. ಇನ್ನೊಂದು ವಿಮಾನದಲ್ಲಿ ಹೀಗಾಗಬಾರದು ಅಂತ ಬರೀತೀವಿ. ಇನ್ನು ಮೇಲೆ ಕಿರಿಯರಿಗೆ ಎದುರು ಮಾತಾಡೋದನ್ನೂ ಹಿರಿಯರಿಗೆ ಕೇಳಿಸಿಕೊಳ್ಳೋದನ್ನೂ ಕಲಿಸಿಯೇ ಕೂರಿಸಬೇಕು ಅಂತ ಬರೆದಿದ್ದೀವಿ."

ನನ್ನ ಪಕ್ಕದಲ್ಲಿ ಬೆಂಚು ಹಗುರಾಯಿತು. ದೇವೀರಕ್ಕ ಎದ್ದಿದ್ದಳು. ನನ್ನ ಕಡೆ ನೋಡದೆ, ಬೆಂಚುಗಳ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದಳು. ನಾನು ಮನೆಗೆ ಬಂದಾಗ ಅವಳ ಬಾಗಿಲು ಹಾಕಿತ್ತು.

ಮಾರನೆಯ ಬೆಳಗ್ಗೆ ಊರಗೌಡರು ಬಂದು ಗಿರಣಿಯ ಜಗಲಿಯ ಮೇಲೆ ಕೂತರು. ಒಳ್ಳೆಯ ಮನುಷ್ಯ, ಸುತ್ತಿಬಳಸಿ ಮಾತಾಡುವುದಿಲ್ಲ. "ಬಟ್ಟೆ ವಾಪಸ್ ತಗೊಂಡೆ ಅಂತ ಹೇಳಿಬಿಡು ನೀಲಮ್ಮ. ಇದುವರೆಗೂ ಯಾರೂ ಹಾಗೆ ಮಾಡಿಲ್ಲ, ನಿಜ. ಆದರೆ ಇಷ್ಟು ಜನರ ಸಾವನ್ನ ಒಂದು ಮನೆ ಹೊರೋಕಾಗಲ್ಲ. ಈ ಪದ್ಧತಿ ಮಾಡಿದೋರು ವಿಮಾನ ಕಂಡಿರಲಿಲ್ಲ. ಯಾರೂ ತಪ್ಪು ತಿಳ್ಕೊಳ್ಳಲ್ಲ, ನಾನಿದ್ದೀನಿ."

ಒಂದು ಗಳಿಗೆ ಆಸೆಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಬದುಕಿದ್ದಾಗ ಕಂಡ ಮನುಷ್ಯನೂ ಅಲ್ಲ, ನಾನು ಕಣ್ಣು ಮುಚ್ಚಿಸಿದ ಮನುಷ್ಯ ಅಷ್ಟೇ. ಆದರೆ ಬಾಯಿ ತೆರೆದಾಗ ಬಂದದ್ದು ಬೇರೆ ಮಾತು.

"ಗೌಡ್ರೇ, ಕುಡಿದಿರಲಿಲ್ಲ ಅಂದಾಗ ನಮ್ಮಣ್ಣ ಅಂತ ಬೀದೀಲಿ ನಿಂತು ಕೂಗಿದೋಳು ನಾನು. ತಪ್ಪು ಮಾಡಿದ್ರು ಅಂದಾಗ ಅವರು ಯಾರೋ ಏನೋ ಅನ್ನೋಕಾಗುತ್ತಾ?"

"ಹಂಗಾದ್ರೆ ಏನ್ ಮಾಡ್ತೀಯಾ?"

"ಮುನಿಯಪ್ಪ ಮಾಡಿದ್ದನ್ನೇ. ಮನೆಮನೆಗೂ ಹೋಗಿ ಹೇಳಿ ಬರ್ತೀನಿ."

ಗೌಡರು ನನ್ನ ಗಂಡನ ಮುಖ ನೋಡಿದರು. ಅವರು ಬೆಲ್ಟಿಗೆ ಮೇಣ ಹಚ್ಚುತ್ತಿದ್ದವರು ತಲೆಯೆತ್ತಿ, "ಗಿರಣಿ ನಾನು ನೋಡ್ಕೋತೀನಿ, ಅವಳು ಹೋಗಿಬರಲಿ" ಎಂದರು. ನಮ್ಮ ಮನೆಯಲ್ಲಿ ದೊಡ್ಡ ತೀರ್ಮಾನಗಳೆಲ್ಲ ಅಷ್ಟೇ ಉದ್ದದವು.

ನಾನು ಮಿಂದು, ಬೇರೆ ಸೀರೆ ಉಟ್ಟು ಹೊರಡುವ ಹೊತ್ತಿಗೆ, ಒಬ್ಬ ಹೆಂಗಸು ಕೈಯಲ್ಲಿ ಚಿಕ್ಕ ಬ್ಯಾಗು ಹಿಡಿದು ಗಿರಣಿಯ ಬಾಗಿಲಲ್ಲಿ ನಿಂತಳು. ಪಟ್ಟಣದವಳು ಎಂದು ನೋಡಿದರೇ ತಿಳಿಯುತ್ತಿತ್ತು. ಒಳಗೆ ಬರಲೋ ಬೇಡವೋ ಎಂಬಂತೆ ಬಾಗಿಲ ಚೌಕಟ್ಟು ಹಿಡಿದುಕೊಂಡಿದ್ದಳು.

"ಜಯಸಿಂಹ ಅವರ ಮನೆ ಎಲ್ಲಿ ಅಂತ ಬಸ್‌ಸ್ಟ್ಯಾಂಡಲ್ಲಿ ಕೇಳಿದೆ. ಇದೇ ಅಂತ ತೋರಿಸಿದರು. ನಾನು ವಸುಧಾ. ಅವರ ಹೆಂಡತಿ."

"ಬನ್ನಿ ಅತ್ತಿಗೆ" ಎಂದೆ. ಬೇರೆ ಏನು ಹೇಳಲಿ? ಆ ಒಂದು ಮಾತಿಗೆ ಅವರು ಹಿಟ್ಟಿನ ಚೀಲಗಳ ಮೇಲೆಯೇ ಕೂತು ಮುಖ ಮುಚ್ಚಿಕೊಂಡರು. ನಾನು ಮೈದಡವಲಿಲ್ಲ. ನೀರು ತಂದಿಟ್ಟು ಪಕ್ಕದಲ್ಲಿ ಕೂತೆ. ಅತ್ತು ಮುಗಿದ ಮೇಲೆ ಅವರೇ ಹೇಳಿದರು. ಕುಡಿದಿದ್ದ ಎಂದು ಸುದ್ದಿ ಬಂದಾಗ ಅವರ ಮನೆಯ ಬಾಗಿಲಿಗೆ ಯಾರೋ ಮಸಿ ಬಳಿದಿದ್ದರು. ಅದು ಸುಳ್ಳು ಎಂದು ಗೊತ್ತಾದ ಮೇಲೆ ಬಳಿದವರು ಒರೆಸಲು ಬರಲಿಲ್ಲ. ಈಗ ವರದಿ ಬಂದಿದೆ, ಈ ಸಲ ಹೇಳಿದ್ದು ನಿಜ. ಸತ್ತವರ ಊರಿಗೆ ಬರಲು ಧೈರ್ಯವಾಗದೆ ಇಷ್ಟು ದಿನ ಕಳೆದಿದ್ದರು. ಇನ್ನು ಕಾಯುವುದರಲ್ಲಿ ಅರ್ಥವಿಲ್ಲ ಎನ್ನಿಸಿ ಬಸ್ಸು ಹತ್ತಿದ್ದರು.

ನಾನು ಎಲ್ಲಿಗೆ ಹೊರಟಿದ್ದೇನೆ ಎಂದು ಹೇಳಿದೆ. ಅವರು ನನ್ನನ್ನೇ ನೋಡಿದರು. "ನೀವ್ಯಾಕೆ ಹೋಗಬೇಕು?"

"ಹೊದಿಸಿದೋಳು ನಾನು."

"ಹಾಗಾದರೆ ನಾನೂ ಬರ್ತೀನಿ. ನೀವು ಮುಂದೆ ಹೋಗಿ, ಹೇಗೆ ಮಾತಾಡಬೇಕು ಅಂತ ನಂಗೆ ಗೊತ್ತಿಲ್ಲ."

ಮೊದಲು ಎದುರುಮನೆಗೆ ಹೋದೆವು. ದೇವೀರಕ್ಕ ಬಾಗಿಲು ತೆಗೆದಳು, ಹೊಸಿಲು ದಾಟಿ ಬಾ ಎನ್ನಲಿಲ್ಲ. ಇವರು ಕ್ಯಾಪ್ಟನ್ ಹೆಂಡತಿ ಎಂದಷ್ಟೇ ಹೇಳಿದೆ.

"ನನ್ನ ಮಗಳು ಹೇಳಿದ್ಲಲ್ಲಮ್ಮ" ಎಂದು ದೇವೀರಕ್ಕ ನೇರ ಅವರನ್ನೇ ಕೇಳಿದಳು. "ಸರಿಯಾಗೇ ಹೇಳಿದ್ಲಲ್ಲ. ನಿನ್ನ ಗಂಡನಿಗೆ ಕಿವಿ ಇರ್ಲಿಲ್ವಾ?"

"ಇತ್ತು" ಎಂದರು ವಸುಧಾ. "ಕೇಳಿಸಿಕೊಳ್ಳೋ ಅಭ್ಯಾಸ ಇರಲಿಲ್ಲ. ಕೆಟ್ಟ ಮನುಷ್ಯ ಅಲ್ಲ, ಯಾವತ್ತೂ ಒಬ್ಬರಿಗೆ ಗದರಿದೋರಲ್ಲ. ಆದರೆ ತಮಗೆ ಗೊತ್ತಿದೆ ಅಂದಮೇಲೆ ಮುಗೀತು. ಮನೇಲೂ ಹಾಗೇ. ಇಷ್ಟು ವರ್ಷದಲ್ಲಿ ಒಂದು ಮಾತನ್ನ ನಾನು ಯಾವತ್ತೂ ಎರಡನೇ ಸಲ ಹೇಳಿದ್ದಿಲ್ಲ. ಮೊದಮೊದಲು ಭಯ, ಆಮೇಲೆ ಅದೇ ರೂಢಿ ಆಯ್ತು. ಅವರಿಗೆ ಆ ರೂಢಿ ಮಾಡಿಸಿದವರಲ್ಲಿ ನಾನೂ ಒಬ್ಬಳು. ನಿಮ್ಮ ಹುಡುಗಿ ಒಂದು ಸಲವಾದರೂ ಕೇಳಿದಳಲ್ಲ, ನಂಗಿಂತ ಅವಳು ಎಷ್ಟೋ ಮೇಲು."

ಹಿತ್ತಲಲ್ಲಿ ಎಮ್ಮೆ ಕೂಗಿತು, ದೇವೀರಕ್ಕ ತಿರುಗಲಿಲ್ಲ. ಆಮೇಲೆ ನನ್ನ ಕಡೆ ನೋಡಿ, ದನಿ ತಗ್ಗಿಸಿ ಹೇಳಿದಳು. "ಸಿಟ್ಟು ನಿನ್ ಮೇಲಲ್ಲ ನೀಲಾ. ನಿನ್ನೆಯಿಂದ ನಂಗೆ ಆ ಹುಡುಗಿ ಮೇಲೇ ಸಿಟ್ಟು. ಗೊತ್ತಿದ್ದೂ ಸರಿ ಸರ್ ಅಂದ್ಲಲ್ಲ, ಅಂತ. ಸತ್ತ ಮಗು ಮೇಲೆ ಹಂಗೆ ಸಿಟ್ಟು ಮಾಡ್ಕೋಬಾರ್ದು ಅಂತ ಬಾಗಿಲು ಹಾಕ್ಕೊಂಡು ಕೂತಿದ್ದೆ." ಒಳಗೆ ಹೋಗಿ ಕೈಕಾಲು ತೊಳೆದು, ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಬಂದಳು. "ನಡೀರಿ. ನಮ್ಮ ಹುಡುಗಿದೂ ಒಂದು ಮಾತು ಹೇಳೋದಿದೆ."

ಹಾಗೆ ನಾವು ಮೂವರು ಊರು ಸುತ್ತಿದೆವು. ಒಂದೊಂದು ಹೊಸಿಲಲ್ಲೂ ನಾನು ಹೇಳಿದೆ, ನಮ್ಮಣ್ಣ ಚೆನ್ನಾಗಿದ್ದ ಇಂಜಿನ್ ನಿಲ್ಲಿಸಿದ, ಅದರಿಂದ ನಿಮ್ಮವರು ಹೋದರು ಎಂದು. ನಮ್ಮ ಹುಡುಗಿಗೆ ಗೊತ್ತಿತ್ತು, ಕೇಳಿ ಸುಮ್ಮನಾದಳು ಎಂದು ದೇವೀರಕ್ಕ ಹೇಳಿದಳು. ವಸುಧಾ ಕೈಮುಗಿದು ನಿಲ್ಲುತ್ತಿದ್ದರು. ಕ್ಷಮಿಸಿ ಎಂದು ನಾವು ಕೇಳಲಿಲ್ಲ, ಪದ್ಧತಿಯಲ್ಲಿ ಅದಿಲ್ಲ. ಹೇಳುವುದಷ್ಟೇ ನಮ್ಮದು, ಆಮೇಲಿನದು ಅವರದು. ಮುನಿಯಪ್ಪ ಮಾತು ಮುಗಿಯುವ ಮುಂಚೆಯೇ ಕುರ್ಚಿ ತಂದು ಹಾಕಿದ. ಅಂಚೆಯಣ್ಣನ ಹೆಂಡತಿ ವಸುಧಾ ಅವರಿಗೆ ಕುಂಕುಮ ಕೊಡಲೋ ಬೇಡವೋ ತಿಳಿಯದೆ ಬಾಳೆಹಣ್ಣು ಕೊಟ್ಟಳು. ಎಣ್ಣೆ ಅಂಗಡಿಯವನು ಬಾಯಿಗೆ ಬಂದದ್ದೆಲ್ಲ ಬೈದ. ಅವನು ಹೊದಿಸಿದ್ದು ತುಂಬು ಬಸುರಿಗೆ. ಅವನ ಮಾತು ಮುಗಿಯುವ ತನಕ ಅಲ್ಲಿಂದ ಕದಲದೆ ಕೇಳಿಸಿಕೊಂಡೆವು. ಕೊನೆಗೆ ಅವನೇ ಸುಸ್ತಾಗಿ, "ಬಿಸಿಲಿದೆ, ಛತ್ರಿ ತಗೊಂಡು ಹೋಗಿ" ಎಂದ. ಒಂದೆರಡು ಮನೆಗಳಲ್ಲಿ ಬಾಗಿಲೇ ತೆಗೆಯಲಿಲ್ಲ. ಮುಚ್ಚಿದ ಬಾಗಿಲಿಗೇ ಹೇಳಿ ಮುಂದೆ ಹೋದೆವು.

ಪರಶಿವಯ್ಯ ಮೇಷ್ಟ್ರ ಮನೆಗೆ ಬಂದಾಗ ಸಂಜೆಯಾಗುತ್ತಿತ್ತು. ಅದನ್ನು ಕೊನೆಗಿಟ್ಟುಕೊಂಡದ್ದು ಬೇಕೆಂದೇ, ನನಗೆ ಆ ಮನೆಯ ಭಯವೇ ಹೆಚ್ಚು. ಮೇಷ್ಟ್ರು ಜಗಲಿಯ ಮೇಲಿದ್ದರು. ಗೌರಾಂಬ ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಿದ್ದರು. ಮೇಷ್ಟ್ರು ನಮ್ಮ ಮಾತನ್ನು ಪೂರ್ತಿ ಕೇಳಿದರು.

"ಆಯ್ತು, ಹೋಗಲಿ ಬಿಡಿ ಅಂತ ಹೇಳೋಕೆ ನಾನ್ಯಾರು?" ಎಂದರು. "ಹೇಳಬೇಕಾದೋರು ಆ ಮಕ್ಕಳ ಅಪ್ಪ ಅಮ್ಮ. ಅವರೂ ಆ ವಿಮಾನದಲ್ಲೇ ಇದ್ದರು. ಈ ಮಕ್ಕಳನ್ನ ಹುಡುಕಿಕೊಂಡು ನಮ್ಮನೆಗೂ ಇದುವರೆಗೆ ಯಾರೂ ಬಂದಿಲ್ಲ."

ಇನ್ನು ಹೊರಡಬೇಕು ಎನ್ನುವಾಗ ಮೇಷ್ಟ್ರು ವಸುಧಾ ಅವರ ಕಡೆ ತಿರುಗಿದರು. "ನಿಮಗೆ ಮಕ್ಕಳೆಷ್ಟಮ್ಮ?"

"ಒಬ್ಬ ಮಗ. ಸುಹಾಸ ಅಂತ. ಕಾಲೇಜಲ್ಲಿದ್ದಾನೆ. ಇದ್ದ. ಈಗ ಹೋಗ್ತಿಲ್ಲ. ಯಾರಾದರೂ ಪೂರ್ತಿ ಹೆಸರು ಕೇಳಿದರೆ ಎದ್ದು ಹೋಗ್ತಾನೆ. ಇನಿಷಿಯಲ್ ತೆಗೆಸಿಹಾಕಿದ್ದಾನೆ. ಅಪ್ಪನ ಫೋಟೋ ಗೋಡೆ ಮೇಲೆ ಇರೋದು ಬೇಡ ಅಂದ."

ಮೇಷ್ಟ್ರು ಜಗಲಿಯಿಂದ ಇಳಿದು, ಅಂಗಳದಲ್ಲಿ ಸುಮ್ಮನೆ ಎರಡು ಸಲ ಆ ಕಡೆ ಈ ಕಡೆ ನಡೆದರು. ಆಮೇಲೆ ನಿಂತು, "ಅಪ್ಪನ ಹೆಸರು ಹೇಳೋಕೆ ನಾಚೋ ಹುಡುಗರನ್ನ ನಾನು ಶಾಲೇಲಿ ನೋಡಿದ್ದೀನಿ" ಎಂದರು. "ಯಾವ ಬೆಂಚಲ್ಲಿ ಕೂರಿಸಿದರೂ ಅವರು ನೆಟ್ಟಗೆ ಕೂರಲ್ಲ. ಅವನನ್ನ ಇಲ್ಲಿಗೆ ಕರಕೊಂಡು ಬನ್ನಿ."

"ನಮ್ಮನೆಗೆ ಕರೀತೀನಿ ಮೇಷ್ಟ್ರೇ" ಎಂದೆ ನಾನು.

"ನಿಮ್ಮನೆ ಬೇಡ ನೀಲಮ್ಮ. ನಿಮ್ಮಲ್ಲಿ ಇಳಿದರೆ ಅತ್ತೆ ಮನೆ, ಅದರಲ್ಲೇನಿದೆ? ನಮ್ಮನೇಲಿ ಇಳೀಲಿ. ಆ ಇಬ್ಬರಿಗೆ ಎಲೆ ಹಾಕೋ ದಿನವೇ ಬರಲಿ."

ಗೌರಾಂಬ ಅವರೆಕಾಯಿಯಿಂದ ತಲೆಯೆತ್ತದೆ, "ಅವನಿಗೆ ಖಾರ ಆಗುತ್ತಾ?" ಎಂದು ಕೇಳಿದರು.

ಮುಂದಿನ ಅಮಾವಾಸ್ಯೆಗೆ ಹುಡುಗ ಬಂದ. ತಾಯಿಗಿಂತ ಎತ್ತರ, ಬಸ್ಸಿನಿಂದ ಇಳಿದವನೇ ನೆಲ ನೋಡುತ್ತ ನಿಂತ. ಮೇಷ್ಟ್ರು ಒಗೆದ ಪಂಚೆ, ಅಂಗವಸ್ತ್ರ ಹಾಕಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಕಾದಿದ್ದರು. ಮನೆಗೆ ಹತ್ತಿರದ ಓಣಿ ಇದ್ದರೂ ಅವನನ್ನು ಸಂತೆಬೀದಿಯ ಮೇಲೇ ನಡೆಸಿಕೊಂಡು ಹೊರಟರು. ನಾನೂ ವಸುಧಾ ಅವರೂ ದೇವೀರಕ್ಕನೂ ಹಿಂದೆ ನಡೆದೆವು. ಎದುರಿಗೆ ಸಿಕ್ಕವರನ್ನೆಲ್ಲ ಮೇಷ್ಟ್ರು ನಿಲ್ಲಿಸಿದರು. "ಇವನು ಸುಹಾಸ. ಕ್ಯಾಪ್ಟನ್ ಜಯಸಿಂಹ ಅವರ ಮಗ. ನಮ್ಮನೆಗೆ ಊಟಕ್ಕೆ ಬಂದಿದ್ದಾನೆ." ಮುನಿಯಪ್ಪ ಅಂಗಡಿಯಿಂದ ಹೊರಬಂದು, ಬಾಪ್ಪ ಎಂದ. ಎಣ್ಣೆ ಅಂಗಡಿಯವನು ಒಂದು ಕ್ಷಣ ನೋಡಿ, ತಲೆಯಾಡಿಸಿ ಒಳಗೆ ಹೋದ. ಹುಡುಗನ ಕಿವಿ ಕೆಂಪಾಗಿತ್ತು, ಆದರೂ ಮೇಷ್ಟ್ರ ಹೆಜ್ಜೆಗೆ ಹೆಜ್ಜೆ ಹಾಕುತ್ತಿದ್ದ. ಬೀದಿಯ ತುದಿಯಲ್ಲಿ ಹೂ ಕಟ್ಟುತ್ತಿದ್ದ ಅಜ್ಜಿ, ಕಣ್ಣಿನ ಮೇಲೆ ಕೈ ಅಡ್ಡ ಹಿಡಿದು, "ಯಾರಪ್ಪ ಇದು, ಯಾರ ಮಗ?" ಎಂದು ಕೇಳಿದಳು. ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಹುಡುಗ ಅವಳ ಮುಂದೆ ಕೂತ. ಅಜ್ಜಿಗೆ ಕಿವಿ ಮಂದ ಎಂದು ಅವನಿಗೆ ಯಾರು ಹೇಳಿದ್ದರೋ ಗೊತ್ತಿಲ್ಲ, ಇಡೀ ಬೀದಿಗೆ ಕೇಳುವ ಹಾಗೆ ಅಪ್ಪನ ಹೆಸರು ಹೇಳಿದ.